ಝೀಝೀ ಗಿಡ: ಎಲೆಗಿಂತ ಮೊದಲು ಗೆಡ್ಡೆ ನೋಡಿ

ಮನೆಯೊಳಗೆ ಸುಲಭವಾಗಿ ಬೆಳೆಯುವ ಗಿಡ ಯಾವುದು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಝೀಝೀ ಗಿಡವನ್ನೇ. ಆದರೆ ಜೊತೆಗೆ ಒಂದು ಮಾತು ಸೇರಿಸುತ್ತೇನೆ: ತಂದ ಮೇಲೆ ಒಮ್ಮೆ ಕುಂಡದಿಂದ ಮೆಲ್ಲಗೆ ಹೊರತೆಗೆದು ಬುಡ ನೋಡಿ. ನಾನು ಹಾಗೆ ನೋಡಿದಾಗ ಮಣ್ಣಿನೊಳಗೆ ಆಲೂಗಡ್ಡೆಯಂಥ ನಸುಕಂದು ಗೆಡ್ಡೆಗಳು ಒತ್ತೊತ್ತಾಗಿ ಕೂತಿದ್ದವು. ಈ ಗಿಡಕ್ಕೆ ಏನು ಬೇಕು, ಏನು ಬೇಡ ಅನ್ನುವುದೆಲ್ಲ ಆಗಲೇ ತಿಳಿದುಹೋಯಿತು.

ಕೀನ್ಯಾದಿಂದ ಹಿಡಿದು ದಕ್ಷಿಣ ಆಫ್ರಿಕಾದ ಈಶಾನ್ಯ ಭಾಗದವರೆಗೆ ಇದರ ತವರು. ಮಳೆಯಿಲ್ಲದ ದಿನಗಳು ತೀರಾ ಉದ್ದವಾದರೆ ಎಲೆ ಉದುರಿಸಿಕೊಂಡು, ಗೆಡ್ಡೆಯಲ್ಲಿ ಕೂಡಿಟ್ಟ ನೀರಿನಲ್ಲೇ ಜೀವ ಹಿಡಿದಿರುತ್ತದೆ. ಅಂಥ ಗೆಡ್ಡೆಯನ್ನು ಸದಾ ಒದ್ದೆ ಮಣ್ಣಿನಲ್ಲಿಟ್ಟರೆ ಕೊಳೆಯದೆ ಇನ್ನೇನಾಗುತ್ತದೆ?

ಹಾಗಾಗಿ ನೀರಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೇಲ್ಮಣ್ಣು ಒಣಗಿದೆ ಅಂತ ನೀರು ಹಾಕುವುದಿಲ್ಲ, ಏಕೆಂದರೆ ತಳದಲ್ಲಿ ಇನ್ನೂ ತೇವ ಇರುತ್ತದೆ. ತೆಳ್ಳನೆಯ ಮರದ ಕಡ್ಡಿಯನ್ನು ಕುಂಡದ ತಳದವರೆಗೂ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತೇನೆ. ಕಡ್ಡಿಗೆ ಮಣ್ಣು ಅಂಟಿದರೆ ಆ ದಿನ ನೀರಿಲ್ಲ. ಈಗ ಕುಂಡ ಎತ್ತಿದ ಭಾರದಲ್ಲೇ ಗೊತ್ತಾಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಕ್ಕೊಮ್ಮೆ, ಚಳಿಯಲ್ಲಿ ತಿಂಗಳಿಗೊಮ್ಮೆ ಹಾಕಿದರೂ ಸಾಕು. ಹಾಕುವಾಗ ಮಾತ್ರ ಕೈ ಹಿಡಿಯಬಾರದು: ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ದಂಟಿನಲ್ಲಿ ಸಣ್ಣ ಸುಕ್ಕು ಕಂಡರೆ ಬಾಯಾರಿದೆ ಅಂತ. ದಂಟಿನ ಬುಡ ಮೆತ್ತಗಾಗಿ ಎಲೆ ಹಳದಿಯಾದರೆ ನೀರು ಹೆಚ್ಚಾಗಿದೆ. ತಕ್ಷಣ ಹೊರತೆಗೆದು, ಕೊಳೆತದ್ದನ್ನು ಕತ್ತರಿಸಿ, ಒಣಗಲು ಬಿಟ್ಟು, ಒಣ ಮಣ್ಣಿಗೆ ಹಾಕಬೇಕು.

ಮಣ್ಣಿಗೆ ಅರ್ಧದಷ್ಟು ಪರ್ಲೈಟ್ (ಮಣ್ಣು ಸಡಿಲಗೊಳಿಸುವ ಹಗುರವಾದ ಬಿಳಿ ಕಲ್ಲಿನ ಚೂರು) ಅಥವಾ ದಪ್ಪ ಮರಳು ಬೆರೆಸುತ್ತೇನೆ. ಕತ್ತಲೆ ಮೂಲೆಯಲ್ಲೂ ಗಿಡ ಬದುಕುತ್ತದೆ ನಿಜ, ಆದರೆ ಹೊಸ ದಂಟು ಸೊರಗಿ ಉದ್ದವಾಗಿ, ಎಲೆಗಳ ನಡುವೆ ಅಂತರ ಬಿಡುತ್ತದೆ. ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಜಾಗವೇ ಮೇಲು. ಪ್ಲಾಸ್ಟಿಕ್ ಕುಂಡದ ಪಕ್ಕ ಉಬ್ಬಿತೆಂದರೆ ಗೆಡ್ಡೆಗೆ ಜಾಗ ಸಾಲುತ್ತಿಲ್ಲ. ಆಗ 3-4 ಸೆಂ.ಮೀ. ಅಗಲ ಹೆಚ್ಚಿರುವ ಕುಂಡ ಸಾಕು. ತೀರಾ ದೊಡ್ಡದಾದರೆ ಮಣ್ಣು ಒಣಗುವುದೇ ಇಲ್ಲ.

ನನಗೆ ಅತ್ಯಂತ ಇಷ್ಟದ ಕೆಲಸ ಒಂದೇ ಎಲೆಯಿಂದ ಗಿಡ ಮಾಡುವುದು. ಬುಡಸಮೇತ ಕಿತ್ತ ಎಲೆಯನ್ನು ಒಂದೆರಡು ದಿನ ಒಣಗಿಸಿ, ಹಸಿ ಮರಳಿನಲ್ಲಿ ಊರುತ್ತೇನೆ. ಕೆಲವು ವಾರಗಳಲ್ಲಿ ಬುಡದಲ್ಲಿ ಪುಟ್ಟ ಗಂಟೊಂದು ಮೂಡಿ, ಅದರಿಂದ ಬಿಳಿ ಬೇರು ಇಳಿಯುತ್ತದೆ. ಚಿಗುರು ಬರಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಅಷ್ಟರಲ್ಲಿ ಮೂಲ ಎಲೆ ಒಣಗಿದರೂ ಬಿಸಾಡಬೇಡಿ, ಗಂಟು ಗಟ್ಟಿಯಾಗಿದ್ದರೆ ಜೀವ ಇದೆ.

ಇದು ಕೆಸುವಿನ ಕುಟುಂಬದ್ದು. ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಕೆಲವರಿಗೆ ತುರಿಕೆಯಾಗುತ್ತದೆ, ಕಚ್ಚಿದರೆ ಬಾಯಿ ಉರಿಯುತ್ತದೆ. ಕತ್ತರಿಸಿದ ಮೇಲೆ ಕೈ ತೊಳೆಯಿರಿ, ಮಕ್ಕಳಿಗೂ ಬೆಕ್ಕು ನಾಯಿಗಳಿಗೂ ಎಟುಕದಂತೆ ಇಡಿ. ಮುಟ್ಟಿದರೆ ಕ್ಯಾನ್ಸರ್ ಬರುತ್ತದೆ ಅನ್ನುವ ಮಾತಿಗೆ ಮಾತ್ರ ಆಧಾರವಿಲ್ಲ.

ಕಪ್ಪೆಲೆಯ ರೇವನ್ ತಳಿ ತಂದವರು ಹೊಸ ಚಿಗುರು ಹಸಿರಾಗಿ ಬಂತೆಂದು ಗಾಬರಿಯಾಗುತ್ತಾರೆ. ಅದರ ರೀತಿಯೇ ಹಾಗೆ, ಬಲಿಯುತ್ತಾ ಹೋದಂತೆ ಕಪ್ಪಾಗುತ್ತದೆ.