ಜರ್ಮನಿಯಲ್ಲಿ ಬ್ಲೂ ಕಾರ್ಡ್‌ನಿಂದ ಪಿಆರ್‌ವರೆಗೆ: ಮೊದಲ ದಿನದಿಂದಲೇ ಫೈಲ್ ಮಾಡಿಟ್ಟುಕೊಳ್ಳಿ

ಜರ್ಮನಿಗೆ ಕೆಲಸಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವುದು ಸಂಬಳದ ವಿಷಯ, ಆಮೇಲೆ ಚಳಿಯ ವಿಷಯ. ಪಿಆರ್ (ಕಾಯಂ ವಾಸದ ಪರವಾನಗಿ) ಬಗ್ಗೆ ಕೇಳುವುದು ಎರಡು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಯಾವುದೋ ಒಂದು ಕಾಗದ ಸಿಗುತ್ತಿರುವುದಿಲ್ಲ, ಭಾಷಾ ಪರೀಕ್ಷೆಗೆ ಸೀಟು ಖಾಲಿ ಇರುವುದಿಲ್ಲ, ಬ್ಲೂ ಕಾರ್ಡ್ (ಸಂಬಳ ಒಂದು ಮಿತಿ ದಾಟಿದ ನುರಿತ ವಿದೇಶಿಯರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ) ಮುಗಿಯಲು ಮೂರೇ ವಾರ ಉಳಿದಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ನಿಯಮಗಳು ನಿಜಕ್ಕೂ ಅಷ್ಟು ಕಷ್ಟ ಅಲ್ಲ. ತಿಂಗಳ ಲೆಕ್ಕ ಮತ್ತು ಕಾಗದದ ಲೆಕ್ಕ, ಎರಡೇ. ಎರಡೂ ನೀವು ವೀಸಾಗೆ ಅರ್ಜಿ ಹಾಕುವ ಮುಂಚೆಯೇ ಶುರುವಾಗುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಡಿಗ್ರಿ ಇರುವ, ಕೈಯಲ್ಲಿ ಆಫರ್ ಇರುವ ಇಂಜಿನಿಯರ್, ಐಟಿ, ಅಕೌಂಟ್ಸ್ ಕಡೆಯವರಿಗೆ. ಡಾಕ್ಟರ್ ಮತ್ತು ನರ್ಸ್‌ಗಳಿಗೆ ಲೈಸೆನ್ಸ್ ಬೇಕು, ಅದರ ದಾರಿಯೇ ಬೇರೆ.

ಹೆಸರಿನಿಂದ ಶುರು ಮಾಡೋಣ, ನಮ್ಮ ಕಡೆಯವರಿಗೆ ಇದೇ ದೊಡ್ಡ ತಲೆನೋವು. ಮಾರ್ಕ್ಸ್ ಕಾರ್ಡ್‌ನಲ್ಲಿ ಮಂಜುನಾಥ ಎಚ್. ಎಸ್. ಅಂತ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿಸಿರುತ್ತಾರೆ. ಇಲ್ಲವೇ ಸರ್‌ನೇಮ್ ಜಾಗವೇ ಖಾಲಿ. ನಮಗೆ ಎರಡೂ ಒಬ್ಬರೇ ಅಂತ ಗೊತ್ತು, ಇಲ್ಲಿನ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಜರ್ಮನಿಯ ಪ್ರತಿ ಫಾರಂನಲ್ಲೂ ಮನೆತನದ ಹೆಸರಿಗೆ ಒಂದು ಜಾಗ, ನಿಮ್ಮ ಹೆಸರಿಗೆ ಒಂದು ಜಾಗ ಇರುತ್ತದೆ. ಒಂದು ಖಾಲಿ ಬಿಟ್ಟರೆ ಬ್ಯಾಂಕ್‌ನಿಂದ ಹಿಡಿದು ಆರೋಗ್ಯ ವಿಮೆಯವರೆಗೂ ಅದೇ ಪ್ರಶ್ನೆ. ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಸರ್‌ನೇಮ್ ಸರಿ ಮಾಡಿಸಿಕೊಳ್ಳುವುದಾದರೆ ವೀಸಾ ಅರ್ಜಿಗೆ ಮುಂಚೆಯೇ ಮಾಡಿಸಿ. ಆಮೇಲೆ ಮಾಡಿಸಿದರೆ ಪ್ರತಿ ಕಚೇರಿಯಲ್ಲೂ ಮತ್ತೆ ಬದಲಾಯಿಸಬೇಕು. ಮದುವೆ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಛತ್ರದ ರಸೀದಿ, ಲಗ್ನಪತ್ರಿಕೆ, ಫೋಟೋ ಆಲ್ಬಮ್ ಯಾವುದೂ ಆ ಸರ್ಟಿಫಿಕೇಟ್ ಜಾಗಕ್ಕೆ ಬರುವುದಿಲ್ಲ.

ಮುಂದಿನದು ಡಿಗ್ರಿ. ಅನಾಬಿನ್ ಅಂತ ಸರ್ಕಾರದ್ದೇ ಒಂದು ಆನ್‌ಲೈನ್ ಪಟ್ಟಿ ಇದೆ. ಅದರಲ್ಲಿ ನಿಮ್ಮ ಕಾಲೇಜು ಹುಡುಕಬೇಡಿ. ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯ ಹುಡುಕಿ. ವಿಟಿಯು ಕಾಲೇಜಿನಲ್ಲಿ ಓದಿದ್ದರೆ ನಿಮ್ಮ ಡಿಗ್ರಿ ವಿಟಿಯುದು, ಕಾಲೇಜಿನದ್ದಲ್ಲ. ಕಾಲೇಜು ಸ್ವಾಯತ್ತ ಆಗಿದ್ದರೂ ಸರ್ಟಿಫಿಕೇಟ್ ಮೇಲೆ ಯಾರ ಹೆಸರಿದೆ ಅಂತ ನೋಡಿ. ಎಚ್ ಪ್ಲಸ್ (ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ ಅನ್ನುವ ಗುರುತು) ಅಂತ ತೋರಿಸಿ, ನಿಮ್ಮ ಡಿಗ್ರಿಯೂ ಅಲ್ಲಿ ಸಮಾನ ಅಂತ ಇದ್ದರೆ ಎರಡೂ ಪುಟ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಝಡ್‌ಎಬಿ ಎಂಬ ಸಂಸ್ಥೆಯಿಂದ ಡಿಗ್ರಿ ಮೌಲ್ಯಮಾಪನ ಮಾಡಿಸಬೇಕು, 208 ಯೂರೋ. ಐಟಿಯವರಿಗೆ ಒಂದು ರಿಯಾಯಿತಿ ಇದೆ: ಡಿಗ್ರಿ ಇಲ್ಲದಿದ್ದರೂ ಕಳೆದ 7 ವರ್ಷದಲ್ಲಿ ಅದೇ ಮಟ್ಟದ 3 ವರ್ಷ ಅನುಭವ ತೋರಿಸಿದರೆ ಬ್ಲೂ ಕಾರ್ಡ್ ಸಿಗುತ್ತದೆ.

ಬ್ಲೂ ಕಾರ್ಡ್‌ಗೆ ಬೇಕಾದ ಕನಿಷ್ಠ ಸಂಬಳದ ಮಿತಿ ಪ್ರತಿ ಜನವರಿ ಬದಲಾಗುತ್ತದೆ. ಪಿಂಚಣಿ ಕಂತು ಎಷ್ಟು ಸಂಬಳದವರೆಗೆ ಕಟ್ಟಬೇಕು ಅಂತ ಸರ್ಕಾರ ಒಂದು ಮೇಲ್ಮಿತಿ ಹಾಕುತ್ತದಲ್ಲ, ಅದರ ಅರ್ಧ. 2025ರಲ್ಲಿ ವರ್ಷಕ್ಕೆ 48,300 ಯೂರೋ ಇತ್ತು, 2026ಕ್ಕೆ 50,700. ಐಟಿ, ಇಂಜಿನಿಯರಿಂಗ್‌ನಂಥ ಜನ ಸಿಗದ ಕೆಲಸಗಳಿಗೆ ಮತ್ತು ಡಿಗ್ರಿ ಮುಗಿಸಿ ಮೂರು ವರ್ಷ ಆಗದವರಿಗೆ ಇದು ಕಡಿಮೆ, 2026ಕ್ಕೆ 45,934 ಯೂರೋ 20 ಸೆಂಟ್. ನವೆಂಬರ್‌ನಲ್ಲಿ ಆಫರ್ ಬಂದು ಸಂಬಳ ಮಿತಿಯ ಅಂಚಿನಲ್ಲೇ ಇದ್ದರೆ ಸುಮ್ನೆ ಸಹಿ ಹಾಕಬೇಡಿ, ಮುಂದಿನ ವರ್ಷದ ಮಿತಿ ನೋಡಿ ಎಚ್‌ಆರ್ ಹತ್ತಿರ ಮಾತಾಡಿ. ಬೋನಸ್ ನಂಬಿಕೊಂಡು ಮಿತಿ ಮುಟ್ಟಿಸಲು ಹೋಗಬೇಡಿ, ಖಚಿತವಾಗಿ ಬರುವ ದುಡ್ಡಷ್ಟೇ ಲೆಕ್ಕ.

ವೀಸಾ ಅರ್ಜಿಯನ್ನು ಈಗ ಆನ್‌ಲೈನ್‌ನಲ್ಲೇ ಹಾಕಬಹುದು. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ವೀಸಾ ಶುಲ್ಕ 75 ಯೂರೋ. ಆಫರ್ ಕೈಯಲ್ಲಿದ್ದೂ ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಆ ಏಜೆಂಟ್ ತುಂಬುವುದೂ ನೀವು ತುಂಬಬಹುದಾದ ಅದೇ ಫಾರಂ.

ಇನ್ನು ಇಲ್ಲಿ ಬಂದಿಳಿದ ಮೇಲೆ. ಮನೆಗೆ ಹೋಗಿ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಮಾಲೀಕ ಸಹಿ ಹಾಕಿದ ಒಂದು ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಇದ್ದರೆ ಸಾಲದು. ತಾತ್ಕಾಲಿಕ ಮನೆ ಹುಡುಕುವಾಗಲೇ 'ಆನ್‌ಮೆಲ್ಡುಂಗ್ ಮಾಡಿಸಿಕೊಡುತ್ತೀರಾ?' ಅಂತ ಕೇಳಿ. ಇಲ್ಲ ಅಂದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ವಿಳಾಸ ಇಲ್ಲದೆ ತೆರಿಗೆ ನಂಬರ್ ಬರುವುದಿಲ್ಲ, ನಂಬರ್ ಇಲ್ಲದಿದ್ದರೆ ಮೊದಲ ಸಂಬಳದಲ್ಲಿ ತೆರಿಗೆ ತುಂಬಾ ಜಾಸ್ತಿ ಹಿಡಿಯುತ್ತಾರೆ.

ಅಂಚೆ ಡಬ್ಬಿಯ ವಿಷಯ ಇಲ್ಲೇ ಹೇಳುತ್ತೇನೆ, ಏಕೆಂದರೆ ನನಗೆ ಒಂದೂವರೆ ತಿಂಗಳು ಹಾಳಾಗಿದ್ದು ಇದರಿಂದ. ನಮ್ಮ ಕಟ್ಟಡದ ಬಾಗಿಲ ಒಳಗೆ ಎರಡು ಸಾಲು ತಗಡಿನ ಡಬ್ಬಿಗಳು. ಪ್ರತಿಯೊಂದರ ಮೇಲೂ ಬೆರಳಗಲದ ಒಂದು ಚೀಟಿ, ಅದರಲ್ಲಿ ಹೆಸರು. ಮನೆ ನಂಬರ್ ಇಲ್ಲ, ಮಹಡಿ ನಂಬರ್ ಇಲ್ಲ, ಹೆಸರು ಮಾತ್ರ. ನನ್ನ ಡಬ್ಬಿಯಲ್ಲಿ ಹಳೇ ಬಾಡಿಗೆದಾರರ ಹೆಸರೇ ಇತ್ತು. ಮಾಲೀಕರು ಬದಲಾಯಿಸುತ್ತೇನೆ ಅಂದವರು ಬದಲಾಯಿಸಿರಲಿಲ್ಲ. ತೆರಿಗೆ ನಂಬರ್ ಪತ್ರ ಬಂದ ದಾರಿಯಲ್ಲೇ ವಾಪಸ್ ಹೋಗಿತ್ತು. ಪೋಸ್ಟ್‌ಮ್ಯಾನ್ ತಪ್ಪೇನಿಲ್ಲ, ಆ ಹೆಸರಿನ ಮನುಷ್ಯ ಆ ಕಟ್ಟಡದಲ್ಲಿ ಇಲ್ಲ ಅಂತಲೇ ಅವರ ಲೆಕ್ಕ. ಕೀ ಕೈಗೆ ಬಂದ ದಿನವೇ ಒಂದು ಚೀಟಿಯಲ್ಲಿ, ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಹೆಸರು ಬರೆದು ಅಂಟಿಸಿ. ನಮ್ಮ ಉದ್ದ ಹೆಸರು ಹಿಡಿಸದಿದ್ದರೆ ಅಕ್ಷರ ಸಣ್ಣ ಮಾಡಿ, ಹೆಸರು ತುಂಡು ಮಾಡಬೇಡಿ. ಕಾರ್ಡ್‌ನ ಪಿನ್, ವಿಮೆ ಕಾಗದ, ಪಿಂಚಣಿ ಪತ್ರ ಎಲ್ಲ ಬರುವುದು ಆ ಡಬ್ಬಿಗೇ.

ಈಗ ತಿಂಗಳ ಲೆಕ್ಕ. ಬ್ಲೂ ಕಾರ್ಡ್ ಇದ್ದು 27 ತಿಂಗಳು ಕೆಲಸ ಮಾಡಿ, ಅಷ್ಟೂ ತಿಂಗಳು ಪಿಂಚಣಿ ಕಂತು ಕಟ್ಟಿ, ಜರ್ಮನ್ ಭಾಷೆ ಎ1, ಅಂದರೆ ಆರಂಭದ ಮಟ್ಟಕ್ಕೆ ಬಂದರೆ ಪಿಆರ್‌ಗೆ ಅರ್ಹರು. ಇಲ್ಲಿ ಅದರ ಹೆಸರು ನೀಡರ್‌ಲಾಸುಂಗ್ಸ್‌ಎರ್‌ಲೌಬ್ನಿಸ್. ಭಾಷೆ ಬಿ1 (ಮಧ್ಯಮ ಮಟ್ಟ) ಆಗಿದ್ದರೆ 21 ತಿಂಗಳೇ ಸಾಕು. 2023ರ ನವೆಂಬರ್‌ವರೆಗೆ ಎ1 ಇದ್ದವರು 33 ತಿಂಗಳು ಕಾಯಬೇಕಿತ್ತು, ಹಳೇ ವಿಡಿಯೋಗಳಲ್ಲಿ ಇನ್ನೂ ಅದೇ ಇದೆ. ಬ್ಲೂ ಕಾರ್ಡ್ ಅಲ್ಲದೆ ಸಾಮಾನ್ಯ ನುರಿತ ಕೆಲಸಗಾರರ ಪರವಾನಗಿ ಇದ್ದವರಿಗೆ 3 ವರ್ಷ, ಜೊತೆಗೆ ಬಿ1 ಕಡ್ಡಾಯ. ಹಾಗಾಗಿ ಸಂಬಳ ಮಿತಿ ದಾಟುತ್ತಿದ್ದರೆ ಬ್ಲೂ ಕಾರ್ಡೇ ಬೇಕು ಅಂತ ಸ್ಪಷ್ಟವಾಗಿ ಹೇಳಿ. ಭಾರತದಿಂದ ಬಂದ ವೀಸಾ ಸ್ಟಿಕ್ಕರ್ ಮೇಲೆ ಇದ್ದ ತಿಂಗಳುಗಳೂ ಸೇರುತ್ತವೆ, ಕಾರ್ಡ್ ಕೈಗೆ ತಡವಾಗಿ ಬಂತು ಅಂತ ಚಿಂತೆ ಬೇಡ.

ಪಿಂಚಣಿ ಕಂತು ಸಂಬಳದ 18.6 ಶೇಕಡಾ, ಅರ್ಧ ನಿಮ್ಮದು, ಅರ್ಧ ಕಂಪನಿಯದು. ಪೇಸ್ಲಿಪ್‌ನಲ್ಲಿ ಆರ್‌ವಿ ಅಂತ ಇರುವ ಸಾಲು ಅದೇ. ವರ್ಷಕ್ಕೊಮ್ಮೆ ಡಾಯ್ಚೆ ರೆಂಟೆನ್‌ಫರ್ಜಿಶರುಂಗ್ ಎಂಬ ಪಿಂಚಣಿ ಸಂಸ್ಥೆಯಿಂದ ನಿಮ್ಮ ಕಂತಿನ ಪಟ್ಟಿ ತರಿಸಿಕೊಳ್ಳಿ, ಉಚಿತ. ಪಿಆರ್ ಅರ್ಜಿಗೆ ಬೇಕಾಗುವುದೂ ಆ ಪಟ್ಟಿಯೇ. ಒಂದು ತಿಂಗಳು ಬಿಟ್ಟುಹೋಗಿದ್ದರೆ ಆಗಲೇ ಗೊತ್ತಾಗಲಿ, ಅರ್ಜಿಯ ದಿನ ಅಲ್ಲ.

ಭಾಷೆ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಎ1 ಬೆಂಗಳೂರಿನಲ್ಲೇ ಮುಗಿಸಿ ಬನ್ನಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಮನೆ ಹತ್ತಿರದ ಒಳ್ಳೆಯ ಟೀಚರ್ ಹತ್ತಿರವೋ ಕಲಿಯಿರಿ. ಆಫೀಸಿನಲ್ಲಿ ಎಲ್ಲ ಇಂಗ್ಲಿಷೇ ಅಲ್ವಾ ಅಂತ ಮುಂದೂಡಿದವರಿಗೆ ಎರಡು ವರ್ಷ ಆದರೂ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಲು ಬೇರೆಯವರು ಬೇಕು. ಬಂದ ಮೇಲೆ ಫೋಕ್ಸ್‌ಹೋಖ್‌ಶೂಲೆ ಎಂಬ ಊರಿನ ಜನಶಾಲೆಗಳಲ್ಲಿ ಸಂಜೆ ಕ್ಲಾಸ್ ಇರುತ್ತದೆ, ಖಾಸಗಿಗಿಂತ ಅಗ್ಗ. ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ನಾಲ್ಕೂ ಇವೆ. ದೊಡ್ಡ ಊರುಗಳಲ್ಲಿ ಸೀಟು ತಿಂಗಳುಗಟ್ಟಲೆ ಮುಂಚೆ ತುಂಬಿಹೋಗುತ್ತದೆ, ಆಮೇಲೆ ಸರ್ಟಿಫಿಕೇಟ್ ಬರಲು ವಾರಗಳು. 21ನೇ ತಿಂಗಳಿಗೆ ಅರ್ಜಿ ಹಾಕಬೇಕಾದರೆ 15ನೇ ತಿಂಗಳಲ್ಲೇ ಸೀಟು ಹಿಡಿಯಿರಿ.

'ಲೇಬೆನ್ ಇನ್ ಡಾಯ್ಚ್‌ಲಾಂಡ್', ಅಂದರೆ ಜರ್ಮನಿಯ ಜೀವನದ ಬಗ್ಗೆ ಇರುವ ಪರೀಕ್ಷೆಯನ್ನೂ ಆಗಲೇ ಮುಗಿಸಿಬಿಡಿ. 33 ಪ್ರಶ್ನೆ, 25 ಯೂರೋ. ಪಿಆರ್‌ಗೆ 15 ಸರಿ ಇದ್ದರೆ ಸಾಕು, ಮುಂದೆ ಪೌರತ್ವಕ್ಕೆ 17. ಪ್ರಶ್ನೆಗಳ ಪೂರ್ತಿ ಪಟ್ಟಿ ಮೊದಲೇ ಪ್ರಕಟವಾಗಿದೆ. ಕೆಲವು ಕಚೇರಿಗಳು ಇದನ್ನು ಕೇಳುವುದಿಲ್ಲ, ಕೆಲವು ಕೇಳುತ್ತವೆ. ಇದ್ದರೆ ಒಳ್ಳೆಯದೇ.

ಕೆಲಸ ಬದಲಾಯಿಸುವಾಗ ಎಚ್ಚರ. ಬ್ಲೂ ಕಾರ್ಡ್‌ನ ಮೊದಲ 12 ತಿಂಗಳಲ್ಲಿ ಕಂಪನಿ ಬದಲಾಯಿಸಿದರೆ ವಿದೇಶಿಯರ ಕಚೇರಿಗೆ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆಗೆ ತಿಳಿಸಬೇಕು. ಅವರು 30 ದಿನ ತಡೆಹಿಡಿದು ಪರಿಶೀಲಿಸಬಹುದು. ಪಿಆರ್ ಹತ್ತಿರ ಬಂದಾಗ ಬದಲಾಯಿಸಿದರೆ ಇನ್ನೊಂದು ತೊಂದರೆ: ಪ್ರೊಬೇಷನ್ ಆರು ತಿಂಗಳವರೆಗೂ ಇರಬಹುದು, ಅದು ಮುಗಿಯುವವರೆಗೆ ಅನೇಕ ಕಚೇರಿಗಳು ಅರ್ಜಿ ಮುಟ್ಟುವುದಿಲ್ಲ. ಕೆಲಸ ಹೋದರೆ ಗಾಬರಿ ಬೇಡ, ಆದರೆ ಸುಮ್ಮನೆ ಕೂರಬೇಡಿ. ನೋಟಿಸ್ ಕೈಗೆ ಬಂದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುತ್ತಿದ್ದೇನೆ ಅಂತ ನೋಂದಾಯಿಸಿ, ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ. ಕಂಪನಿಯೂ ತಿಳಿಸುತ್ತದೆ, ಹಾಗಾಗಿ ಮುಚ್ಚಿಡುವುದರಿಂದ ನಷ್ಟ ನಿಮಗೇ.

ಹೆಂಡತಿ ಅಥವಾ ಗಂಡನನ್ನು ಕರೆಸಿಕೊಳ್ಳುವುದು ಬ್ಲೂ ಕಾರ್ಡ್‌ನವರಿಗೆ ಸುಲಭ. ಅವರಿಗೆ ಬರುವ ಮುಂಚೆ ಎ1 ಬೇಕಿಲ್ಲ, ಬಂದ ದಿನದಿಂದ ಯಾವ ಕೆಲಸ ಬೇಕಾದರೂ ಮಾಡಬಹುದು. ಆದರೂ ಇಬ್ಬರೂ ಒಟ್ಟಿಗೆ ಭಾಷೆ ಕಲಿಯಿರಿ. ನಿಮಗೆ ಪಿಆರ್ ಬಂದ ಮೇಲೆ, ಅವರು ಇಲ್ಲಿ ಪರವಾನಗಿ ಮೇಲೆ 3 ವರ್ಷ ಇದ್ದು ವಾರಕ್ಕೆ 20 ಗಂಟೆ ಕೆಲಸ ಮಾಡುತ್ತಿದ್ದರೆ ಅವರಿಗೂ ಬೇಗ ಸಿಗುತ್ತದೆ, ಆದರೆ ಬಿ1 ಇಲ್ಲದೆ ಅಲ್ಲ. ಮನೆಯಲ್ಲಿ ಒಬ್ಬರೇ ಮಾತು ಬಾರದೆ ಉಳಿದ ಮನೆಗಳನ್ನು ನೋಡಿದ್ದೇನೆ, ಚಳಿಗಾಲ ಅವರಿಗೆ ತುಂಬಾ ಉದ್ದ.

ಅರ್ಜಿ ಹಾಕುವ ದಿನ. ಕಾರ್ಡ್ ಮುಗಿಯುವ ಮುಂಚೆ ಅರ್ಜಿ ಕಚೇರಿ ತಲುಪಿರಬೇಕು, ಅದೊಂದು ಮುಖ್ಯ. ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಅಂತ ಕಾಯಬೇಡಿ, ಆನ್‌ಲೈನ್‌ನಲ್ಲೋ ಅಂಚೆಯಲ್ಲೋ ಕಳಿಸಿ, ಕಳಿಸಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಿ. ಪಿಆರ್ ಶುಲ್ಕ 113 ಯೂರೋ. ಸಮಯಕ್ಕೆ ಹಾಕಿದ್ದರೆ ಹಳೇ ಹಕ್ಕುಗಳೆಲ್ಲ ತೀರ್ಮಾನ ಬರುವವರೆಗೂ ಮುಂದುವರಿಯುತ್ತವೆ. ಅದಕ್ಕೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಪತ್ರ ಕೇಳಿ ಪಡೆಯಿರಿ. ಊರಿಗೆ ಹೋಗಿ ಬರುವುದಾದರೆ ಅದರಲ್ಲಿ ವಿದೇಶಿಯರ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿನ ಚೌಕಕ್ಕೆ ಗುರುತು ಬಿದ್ದಿದೆಯೇ ಅಂತ ಕೌಂಟರ್‌ನಲ್ಲೇ ನೋಡಿಕೊಳ್ಳಿ. 3ನೇ ಉಪಕಲಮು ಆಗಿದ್ದರೆ ಹೊರಗೆ ಹೋದವರು ಅದರ ಮೇಲೆ ವಾಪಸ್ ಬರಲಾಗದು. ಹಳೇ ಕಾರ್ಡ್, ಈ ಪತ್ರ ಎರಡನ್ನೂ ಕೈಚೀಲದಲ್ಲೇ ಇಡಿ, ಕೆಂಪೇಗೌಡ ವಿಮಾನ ನಿಲ್ದಾಣದ ಚೆಕ್ ಇನ್ ಕೌಂಟರ್‌ನಲ್ಲಿ ಕೇಳುತ್ತಾರೆ.

ನನ್ನ ಅರ್ಜಿಗೆ ಐದು ತಿಂಗಳು ಉತ್ತರವೇ ಇರಲಿಲ್ಲ. ತಿಂಗಳಿಗೊಂದು ಪತ್ರ ಬರೆದೆ. ಪೂರ್ತಿ ಕಾಗದ ಕೊಟ್ಟು ಮೂರು ತಿಂಗಳಾದರೂ ತೀರ್ಮಾನ ಆಗದಿದ್ದರೆ ಸಕಾರಣ ಇಲ್ಲದ ವಿಳಂಬಕ್ಕೆ ಆಡಳಿತ ನ್ಯಾಯಾಲಯಕ್ಕೆ ಹೋಗುವ ಹಕ್ಕು ಇದೆ. ನಾನು ಕೋರ್ಟಿಗೆ ಹೋಗಲಿಲ್ಲ, ಆ ಹಕ್ಕಿನ ಬಗ್ಗೆ ಗೌರವದಿಂದ ಒಂದು ಸಾಲು ಬರೆದೆ. ಮುಂದಿನ ವಾರ ಕರೆ ಬಂತು.

ಪೌರತ್ವ ಈಗ 5 ವರ್ಷಕ್ಕೆ. 3 ವರ್ಷದ ದಾರಿಯನ್ನು 2025ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ತಗೊಂಡ ದಿನವೇ ಭಾರತದ ಪೌರತ್ವ ಹೋಗುತ್ತದೆ, ಆಮೇಲೆ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಮಾಡಿಸಬೇಕು. ಊರಲ್ಲಿ ಜಮೀನು ಕೊಳ್ಳುವ ಆಸೆ ಇದ್ದರೆ ನೆನಪಿಡಿ, ಓಸಿಐ ಇದ್ದವರು ಕೃಷಿ ಭೂಮಿ ಕೊಳ್ಳುವಂತಿಲ್ಲ. ಇದನ್ನು ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ ತೀರ್ಮಾನ ಮಾಡಿ.

ಪಿಆರ್ ಬಂದ ಮೇಲೂ ಒಂದು ಗಡುವು ಉಳಿಯುತ್ತದೆ. ಬ್ಲೂ ಕಾರ್ಡ್ ಇದ್ದಾಗ 12 ತಿಂಗಳು ಹೊರಗಿರಬಹುದಿತ್ತು, ಪಿಆರ್‌ಗೆ ಸಾಮಾನ್ಯವಾಗಿ 6 ತಿಂಗಳೇ. ಅಪ್ಪನಿಗೋ ಅಮ್ಮನಿಗೋ ಹುಷಾರಿಲ್ಲ, ಜಾಸ್ತಿ ದಿನ ಊರಲ್ಲಿರಬೇಕು ಅಂತ ಅನ್ನಿಸಿದರೆ ಹೊರಡುವ ಮುಂಚೆಯೇ ಕಾರಣ ಬರೆದು, ಆಸ್ಪತ್ರೆ ಕಾಗದ ಲಗತ್ತಿಸಿ, ವಾಪಸ್ ಬರುವ ಅಂದಾಜು ದಿನ ಹಾಕಿ ವಿದೇಶಿಯರ ಕಚೇರಿಯಿಂದ ಹೆಚ್ಚಿನ ಅವಧಿ ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ. ಮನೆ ಖಾಲಿ ಮಾಡಿ ವಿಳಾಸ ನೋಂದಣಿ ರದ್ದು ಮಾಡಿಸಿ ಹೋಗಬೇಡಿ, ನೀವು ಪೂರ್ತಿಯಾಗಿ ಹೊರಟುಹೋದಿರಿ ಅಂತ ಓದಿಕೊಳ್ಳುತ್ತಾರೆ. ಗೆಳೆಯರೊಬ್ಬರಿಗೆ ಡಬ್ಬಿಯ ಕೀ ಕೊಟ್ಟು ಹೋಗಿ, ವಾರಕ್ಕೊಮ್ಮೆ ತೆಗೆದು ನೋಡಲಿ.