ಹೈಸ್ಕೂಲ್ ನಾಟಕಕ್ಕೆ ನೇಪಥ್ಯದ ತಂಡ ಕಟ್ಟುವುದು ಹೇಗೆ?

ಒಂದು ಶಾಲೆಯ ವಾರ್ಷಿಕೋತ್ಸವ. ನಾಟಕ ಮಾಡಿಸಿದ್ದು ನಾನೇ. ರಾಜಸಭೆ ಮುಗಿದು ಕತ್ತಲಾಯಿತು. ಮತ್ತೆ ಬೆಳಕು ಬಂದಾಗ ದಟ್ಟ ಕಾಡು, ಕಾಡಿನ ನಟ್ಟನಡುವೆ ಸಿಂಹಾಸನ! ಜನ ಬಿದ್ದು ಬಿದ್ದು ನಕ್ಕರು. ಅದನ್ನು ಎತ್ತಬೇಕಾದವರು ಯಾರು ಅಂತ ನಾನು ಹೇಳಿಯೇ ಇರಲಿಲ್ಲ. ಪಾತ್ರ ಸಿಗದ ಮಕ್ಕಳನ್ನು ‘ಹಿಂದೆ ಇರ್ರಪ್ಪ’ ಅಂತ ಸುಮ್ನೆ ನಿಲ್ಲಿಸಿದ್ದೆ.

ಹಾಗೆ ಮಾಡಬೇಡಿ. ಪಾತ್ರ ಹಂಚುವ ದಿನವೇ ಹಿಂದಿನ ಕೆಲಸವನ್ನೂ ಹಂಚಿ. ರಂಗಸಜ್ಜಿಕೆ, ಬೆಳಕು, ಧ್ವನಿ, ಪರಿಕರ, ಒಂದೊಂದಕ್ಕೆ ಇಬ್ಬರು ಮೂವರು. ಎಲ್ಲರನ್ನೂ ನೋಡಿಕೊಳ್ಳಲು ಒಬ್ಬ ಸ್ಟೇಜ್ ಮ್ಯಾನೇಜರ್. ಕ್ಲಾಸಿನಲ್ಲಿ ಯಾರು ನೋಟ್ಸ್ ಕೊಡಬೇಕು, ಯಾರು ಫೀಸ್ ಕಟ್ಟಿಲ್ಲ ಅಂತೆಲ್ಲ ನೆನಪಿಟ್ಟುಕೊಂಡಿರುವ ಒಬ್ಬಳು ಇರ್ತಾಳಲ್ವಾ? ಅವಳನ್ನೇ ಹಿಡಿಯಿರಿ. ಹೆಗ್ಗೋಡಿನಲ್ಲಿ 1980ರಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲೂ ನಟನೆಯ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನ ಪಾಠವೇ.

ಮೊದಲು ಒಂದು ಫ್ಲ್ಯಾಟ್ ಮಾಡಿಸಿ. ಅಂದರೆ ಗೋಡೆಯಂತೆ ಕಾಣುವ ಬಟ್ಟೆಯ ಚೌಕಟ್ಟು. ಮರದ ರೀಪರ್‌ನಲ್ಲಿ 8 ಅಡಿ ಎತ್ತರ, 4 ಅಡಿ ಅಗಲ ಸಾಕು. ಮೂಲೆಗೊಂದು ಮೊಳೆ ಹೊಡೆದ ಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆಯಲು ಹೇಳಿ. ಎರಡೂ ಕಡೆ ಒಂದೇ ಅಳತೆ, 8 ಅಡಿ 11 ಇಂಚಿನ ಆಸುಪಾಸು ಬರಬೇಕು. ಯಾಕೆ ಅಷ್ಟೇ ಅಂತ ಕೇಳಿ ನೋಡಿ. ಪೈಥಾಗೊರಸ್ ಪುಸ್ತಕದಿಂದ ಎದ್ದು ಬಂದಾಗ ಹತ್ತನೇ ಕ್ಲಾಸಿನವರ ಮುಖ ನೋಡಬೇಕು! ಅಳತೆ ಸರಿಯಾದ ಮೇಲೆಯೇ ಮೂಲೆಗಳಿಗೆ ತ್ರಿಕೋನದ ಪ್ಲೈವುಡ್ ತುಂಡು ಬಿಗಿಯಬೇಕು. ಬಟ್ಟೆಯನ್ನು ಪ್ರತಿ ಬದಿಯ ನಡುವಿನಿಂದ ಮೂಲೆಗಳ ಕಡೆಗೆ ಎಳೆಯುತ್ತ ಮೊಳೆ ಹೊಡೆಯಿರಿ, ಸುಕ್ಕು ಬೀಳೋದಿಲ್ಲ. ನಾಟಕ ಮೈದಾನದಲ್ಲಾದರೆ ಹಿಂದೆ ಊರುಗೋಲು ಕೊಟ್ಟು ಮರಳಿನ ಚೀಲ ಹೇರಲೇಬೇಕು. ಡಿಸೆಂಬರ್ ಗಾಳಿಗೆ ಅರಮನೆ ಮಲಗಿದ್ದನ್ನೂ ಕಂಡಿದ್ದೇನೆ.

ಬೆಳಕಿನ ಪಾಠಕ್ಕೆ ದುಬಾರಿ ಲೈಟ್ ಬೇಡ, ಒಂದು ಟಾರ್ಚ್ ಸಾಕು. ಕ್ಲಾಸಿನ ಕಿಟಕಿ ಮುಚ್ಚಿ, ಒಬ್ಬನನ್ನು ಕೂರಿಸಿ. ಗಲ್ಲದ ಕೆಳಗಿಂದ ಬಿಟ್ಟರೆ ದೆವ್ವ. ನೇರ ಎದುರಿನಿಂದ ಬಿಟ್ಟರೆ ಮುಖ ರೊಟ್ಟಿಯಂತೆ ಚಪ್ಪಟೆ. ಪಕ್ಕಕ್ಕೆ ಸರಿದು, 45 ಡಿಗ್ರಿ ಮೇಲಿನಿಂದ ಬಿಟ್ಟಾಗ ಮೂಗು, ಕೆನ್ನೆ ಎಲ್ಲ ಎದ್ದು ಕಾಣುತ್ತವೆ. ಇದಾದ ಮೇಲೆ ಲೆಕ್ಕ: 6 ಆಂಪಿಯರ್ ಸಾಕೆಟ್, 230 ವೋಲ್ಟ್, ಗುಣಿಸಿದರೆ 1380 ವ್ಯಾಟ್. 500 ವ್ಯಾಟಿನ ಹ್ಯಾಲೊಜನ್ ಎರಡು ಹಾಕಬಹುದು, ಮೂರು ಹಾಕುವಂತಿಲ್ಲ. ಲೆಕ್ಕ ಮಕ್ಕಳು ಮಾಡಲಿ, ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಧ್ವನಿಗೆ ಮೊಬೈಲ್ ಇದ್ದೇ ಇದೆ. ಆದರೂ ತಗಡಿನ ಹಾಳೆ ಅಲುಗಾಡಿಸಿ ಗುಡುಗು, ಎರಡು ಕರಟ ಬಡಿದು ಕುದುರೆ, ಮೊರದಲ್ಲಿ ರಾಗಿ ಉರುಳಿಸಿ ಮಳೆ ಮಾಡಿಸಿ. ಕಾಸು ಖರ್ಚಿಲ್ಲ, ಮಜಾ ಜಾಸ್ತಿ.

ಪರಿಕರಗಳಿಗೆ ಒಂದು ಟೇಬಲ್. ಮೇಲೆ ಬಿಳಿ ಹಾಳೆ ಹಾಸಿ, ಕತ್ತಿ, ಕಿರೀಟ, ಪತ್ರ, ಒಂದೊಂದರ ಸುತ್ತಲೂ ಗೆರೆ ಎಳೆದು ಹೆಸರು ಬರೆಯಿರಿ. ಗೆರೆಯ ಒಳಗೆ ಖಾಲಿ ಇದ್ದರೆ ವಸ್ತು ಇನ್ನೂ ಯಾರದೋ ಕೈಯಲ್ಲಿದೆ.

ಕೊನೆಗೆ ಕ್ಯೂ, ಅಂದರೆ ಬೆಳಕು, ಧ್ವನಿ, ಸಾಮಾನು ಯಾವ ಕ್ಷಣಕ್ಕೆ ಬದಲಾಗಬೇಕು ಅನ್ನುವ ಸೂಚನೆ. ಸ್ಕ್ರಿಪ್ಟಿನ ಅಂಚಿನಲ್ಲಿ ಪ್ರತಿ ಬದಲಾವಣೆಗೂ ಪೆನ್ಸಿಲ್‌ನಲ್ಲಿ ನಂಬರ್. ಸ್ಟೇಜ್ ಮ್ಯಾನೇಜರ್ ‘ಲೈಟ್ 4, ರೆಡಿ’ ಅನ್ನಬೇಕು. ಲೈಟಿನವನು ‘ರೆಡಿ’ ಅಂತ ತಿರುಗಿ ಹೇಳಬೇಕು. ಆಮೇಲೆ ‘ಗೋ’. ಆ ಮಾತನ್ನು ಬೇರೆ ಯಾವುದಕ್ಕೂ ಬಳಸಕೂಡದು. ಯಾರೋ ಸುಮ್ನೆ ಅಂದರೂ ಬೆಳಕು ಆರಿಹೋದೀತು. ಮಾತುಗಳನ್ನೆಲ್ಲ ಹಾರಿಸಿ, ಬರೀ ಬದಲಾವಣೆಗಳನ್ನೇ ಒಂದು ದಿನ ಅಭ್ಯಾಸ ಮಾಡಿಸಿ. ಸಾಮಾನು ಇಡುವ ಜಾಗಕ್ಕೆ ನೆಲದ ಮೇಲೆ ಟೇಪ್ ತುಂಡು ಅಂಟಿಸಿ. ಮೊದಲು ಬೆಳಕಿನಲ್ಲಿ, ಆಮೇಲೆ ಕತ್ತಲಲ್ಲಿ, ಕೈಯಲ್ಲಿ ಗಡಿಯಾರ ಹಿಡಿದು.

ನಾಟಕ ಮುಗಿದ ರಾತ್ರಿಯೇ ಎಲ್ಲ ಎಣಿಸಿ ಒಳಗಿಡಿ. ಇಲ್ಲದಿದ್ದರೆ ಬೆಳಿಗ್ಗೆ ಶಾಮಿಯಾನದವರು ತಮ್ಮ ಕುರ್ಚಿಗಳ ಜೊತೆ ನಿಮ್ಮ ಸಿಂಹಾಸನವನ್ನೂ ಹೇರಿಕೊಂಡು ಹೋಗಿರುತ್ತಾರೆ.