ಕೋಳಿ ಮನೆಗೆ ಚಳಿಗಾಲದ ಪರದೆ

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳ ಮೇಯಿಸುತ್ತೇವೆ, ನಾನು ಜೊತೆಗೆ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ. ಹಿತ್ತಲಲ್ಲಿ 20 ಅಡಿ ಉದ್ದ, 10 ಅಡಿ ಅಗಲದ ಕೋಳಿ ಮನೆ ಇದೆ. ಈಗ ಅದರಲ್ಲಿ 45 ಕೋಳಿಗಳಿವೆ. ಅರ್ಧ ನಾಟಿ, ಅರ್ಧ ಹೆಬ್ಬಾಳದ ಗಿರಿರಾಜ ತಳಿ. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಮೂಡಗಾಳಿ ಶುರು. ಬೆಳಗಿನ ಜಾವ ಕಿವಿ ಕೊಯ್ಯುವ ಹಾಗೆ ಬೀಸುತ್ತದೆ.

ಮೊದಲ ವರ್ಷ ನಾನು ಮಾಡಿದ ಕೆಲಸ ಮೊದಲು ಹೇಳಿಬಿಡುತ್ತೇನೆ. ಪಾಪ, ಕೋಳಿಗೆ ಚಳಿ ಅಂತ ನೀಲಿ ಟಾರ್ಪಾಲ್ ತಂದು ನಾಲ್ಕೂ ಕಡೆ, ಮೇಲಿಂದ ಕೆಳಗಿನವರೆಗೆ ಬಿಗಿಯಾಗಿ ಕಟ್ಟಿದೆ. ಸಂದು ಗೊಂದು ಬಿಡಲಿಲ್ಲ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯಿತು, ಕಣ್ಣಲ್ಲಿ ನೀರು. ಜಿಂಕ್ ಶೀಟಿನ ಒಳಗೆ ಹನಿ ಕಟ್ಟಿ ಟಪ ಟಪ ಅಂತ ಕೋಳಿಗಳ ಬೆನ್ನ ಮೇಲೆ ಬೀಳುತ್ತಿತ್ತು. ಕೆಳಗಿನ ಹೊಟ್ಟು ಒದ್ದೆ. ಆ ತಿಂಗಳು ಕೋಳಿಗಳಿಗೆ ಗೊರಗೊರ ಹತ್ತಿ ಏಳು ಹೋದವು. ಚಳಿಗೆ ಅಲ್ಲ, ನಾನು ಕಟ್ಟಿದ ಟಾರ್ಪಾಲಿಗೆ.

ನಮ್ಮತ್ತೆ ಆವತ್ತು ಒಂದೇ ಮಾತು ಕೇಳಿದರು. "ಹುಳದ ಮನೆ ಹಿಂಗೆ ಮುಚ್ತೀಯೇನಮ್ಮ?" ಮುಚ್ಚಲ್ಲ ಅಲ್ವಾ! ಹುಳಕ್ಕೆ ಗಾಳಿ ನೇರ ಬಡಿಯಬಾರದು, ಹಾಗಂತ ಗಾಳಿಯೇ ಇಲ್ಲದಿದ್ದರೆ ರೋಗ. ಇಪ್ಪತ್ತು ವರ್ಷದಿಂದ ಗೊತ್ತಿದ್ದ ವಿಷಯ ಕೋಳಿ ಮನೆ ಹತ್ತಿರ ಹೋದಾಗ ಮರೆತೇಹೋಗಿತ್ತು.

ಕೋಳಿಯ ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಗರಿ ಉಬ್ಬಿಸಿಕೊಂಡು ಆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೀಸುವ ಗಾಳಿ ಗರಿಯ ಸಂದಿಗೆ ನುಗ್ಗಿದರೆ ಆ ಬಿಸಿ ಹೋಯಿತು. ಇನ್ನೊಂದು ಕಡೆ ಅವುಗಳ ಉಸಿರಿನ ತೇವ, ಹಿಕ್ಕೆಯಿಂದ ಏಳುವ ಅಮೋನಿಯಾ ರಾತ್ರಿಯೆಲ್ಲ ಹೊರಗೆ ಹೋಗಬೇಕು. ಬಿಸಿ ಗಾಳಿ ಮೇಲಕ್ಕೆ ಏರುವುದರಿಂದ ಹೋಗುವ ದಾರಿ ಮೇಲೆಯೇ ಇರಬೇಕು. ಅಂದರೆ ಕೆಳಗೆ ಮುಚ್ಚಿ, ಮೇಲೆ ಬಿಡಿ. ಉಳಿದದ್ದೆಲ್ಲ ಹೊಲಿಗೆ ಕೆಲಸ.

ಮೊದಲು ಗಾಳಿ ಎಲ್ಲಿಂದ ಬರುತ್ತಿದೆ ನೋಡಿಕೊಳ್ಳಿ. ರಾತ್ರಿ ಒಂಬತ್ತರ ಮೇಲೆ, ಕೋಳಿ ಅಡ್ಡೆ (ಅವು ರಾತ್ರಿ ಕೂರುವ ಅಡ್ಡಗಳು) ಹತ್ತಿ ಕೂತ ಮೇಲೆ, ಒಂದು ಊದುಬತ್ತಿ ಹಚ್ಚಿಕೊಂಡು ಒಳಗೆ ಹೋಗಿ. ಊದುಬತ್ತಿಯನ್ನು ಸ್ವಲ್ಪ ನೀರಿರುವ ಲೋಟದ ಮೇಲೇ ಹಿಡಿದಿರಿ, ಕಿಡಿ ಹೊಟ್ಟಿಗೆ ಬಿದ್ದರೆ ಕಷ್ಟ. ಕೋಳಿ ತಲೆಯ ಮಟ್ಟಕ್ಕೆ ಹಿಡಿದು ಒಂದು ನಿಮಿಷ ಅಲ್ಲಾಡದೆ ನಿಲ್ಲಿ. ಹೊಗೆ ನೆಟ್ಟಗೆ ಮೇಲೆ ಹೋಗಿ, ಸೂರಿನ ಹತ್ತಿರ ಆಚೆ ತಿರುಗಿದರೆ ಸರಿ ಇದೆ. ಅಡ್ಡಡ್ಡ ಓಡಿದರೆ ಅದು ಬಂದ ಕಡೆಗೆ ಕೈ ಚಾಚುತ್ತಾ ಹೋಗಿ, ಸಂದು ಸಿಗುತ್ತದೆ. ನನಗೆ ಸಿಕ್ಕಿದ್ದು ಮೂರು. ಬಾಗಿಲಿನ ಕೆಳಗೆ ಎರಡು ಬೆರಳು ಸಂದು. ಮೋಟುಗೋಡೆಗೂ ಜಾಲರಿ ಚೌಕಟ್ಟಿಗೂ ನಡುವೆ ಬಿರುಕು. ಮೂರನೆಯದು ಬಾಗಿಲೇ! ಅದನ್ನು ಪೂರ್ವಕ್ಕೆ ಇಟ್ಟಿದ್ದು ನನ್ನದೇ ಬುದ್ಧಿ.

ಬಿರುಕಿಗೆ ಕೆಮ್ಮಣ್ಣು, ಸಗಣಿ ಕಲಸಿ ಮೆತ್ತಿದೆ. ಬಾಗಿಲ ಕೆಳಗೆ ಹಳೆ ಸೈಕಲ್ ಟ್ಯೂಬ್ ಸೀಳಿ ಮೊಳೆ ಹೊಡೆದೆ. ಸೂರಿನ ಕೆಳಗೆ ಶೀಟಿನ ಏರುತಗ್ಗಿನ ಸಂದುಗಳಿವೆಯಲ್ಲ, ಅವುಗಳನ್ನು ಮಾತ್ರ ಮುಟ್ಟಬೇಡಿ. ತೇವ ಹೋಗುವ ದಾರಿ ಅದೇ.

ಈಗ ಪರದೆ. ನನ್ನ ಶೆಡ್ಡಿನ ಉದ್ದದ ಎರಡು ಬದಿ ಉತ್ತರ, ದಕ್ಷಿಣಕ್ಕಿವೆ. ಒಂದಡಿ ಮೋಟುಗೋಡೆ, ಅದರ ಮೇಲೆ ಐದಡಿ ಜಾಲರಿ. ಅಡ್ಡೆ ಎರಡಡಿ ಎತ್ತರದಲ್ಲಿದೆ, ಕೂತ ಕೋಳಿ ಇನ್ನೊಂದಡಿ. ಹಾಗಾಗಿ ನೆಲದಿಂದ ನಾಲ್ಕಡಿ ಮುಚ್ಚಿದರೆ ಕೋಳಿ ತಲೆಯ ಮೇಲೂ ಒಂದಡಿ ಮರೆ ಸಿಗುತ್ತದೆ. ಮೇಲಿನ ಎರಡಡಿ ತೆರೆದೇ ಇರಲಿ.

ಬಟ್ಟೆಗೆ ದುಡ್ಡು ಹಾಕಬೇಡಿ. ಕೋಳಿ ಫೀಡ್ ಬರುವ ಬಿಳಿ ಪ್ಲಾಸ್ಟಿಕ್ ಚೀಲ ಸಾಕು. ಬಿಳಿಯದೇ ಆಗಬೇಕು, ಅದರಲ್ಲಿ ಬೆಳಕು ತೂರಿ ಬರುತ್ತದೆ. ನೀಲಿ, ಕಪ್ಪು ಕಟ್ಟಿದರೆ ಒಳಗೆ ಹಗಲಲ್ಲೂ ಕತ್ತಲು. ನನ್ನ ಹತ್ತಿರ ಇದ್ದ ಚೀಲ ಎರಡಡಿ ಅಗಲ, ಮೂರಡಿ ಉದ್ದ. ಪಕ್ಕ ಸೀಳಿ, ತಳ ಬಿಚ್ಚಿ ಹರಡಿದರೆ ನಾಲ್ಕಡಿ ಅಗಲ, ಮೂರಡಿ ಎತ್ತರದ ತುಂಡು. ಒಂದು ಬದಿಗೆ ಆರು ಚೀಲ ಬೇಕು. ಐದೇ ಸಾಕಲ್ವಾ ಅನ್ನಿಸುತ್ತದೆ. ಆದರೆ ಜೋಡಣೆಗೆ ಸ್ವಲ್ಪ ಹೋಗುತ್ತದೆ, ಜೊತೆಗೆ ಎರಡೂ ಮೂಲೆಯಲ್ಲಿ ಒಂದೊಂದಡಿ ಕಿವಿ ಮಡಚಿ ಸುತ್ತಿಸಬೇಕು. ಮೂಲೆಯಲ್ಲಿ ಸಂದು ಬಿಟ್ಟರೆ ಗಾಳಿ ಅಲ್ಲೇ ಸಿಳ್ಳೆ ಹಾಕುತ್ತದೆ.

ಹೊಲಿಯುವಾಗ ಅಂಚು ಎರಡು ಸಲ ಮಡಚಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ. ನೈಲಾನ್ ದಾರ, 18ನೇ ನಂಬರ್ ಸೂಜಿ, ಉದ್ದ ಹೊಲಿಗೆ. ಸಣ್ಣ ಹೊಲಿಗೆ ಹಾಕಿದರೆ ಚೀಲ ಅಲ್ಲೇ ಅಂಚೆಚೀಟಿ ಹಾಗೆ ಹರಿಯುತ್ತದೆ. ಮೇಲಂಚಲ್ಲಿ ಬಿದಿರು ಗಳು ತೂರುವಷ್ಟು ಕೊಳವೆ ಬಿಡಿ, ಲಂಗಕ್ಕೆ ಲಾಡಿ ದಾರಿ ಬಿಟ್ಟ ಹಾಗೆ.

ಕಟ್ಟುವುದರಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಮನೆ ಕಿಟಕಿ ಪರದೆ ಹಾಗೆ ಮೇಲೆ ಕಟ್ಟಿ, ಬೆಳಿಗ್ಗೆ ಕೆಳಗಿನಿಂದ ಸುತ್ತಿ ಎತ್ತುತ್ತಾರೆ. ಆಗ ಏನಾಗುತ್ತದೆ? ಎತ್ತಿದ ತಕ್ಷಣ ಗಾಳಿ ಸೀದಾ ಕೋಳಿಯ ಮೈಗೆ ಬಡಿಯುತ್ತದೆ, ಮೇಲೆ ಮುಚ್ಚಿಯೇ ಇರುತ್ತದೆ. ಪೂರಾ ಉಲ್ಟಾ. ಪರದೆಯ ಕೆಳಂಚನ್ನು ಮೋಟುಗೋಡೆಯ ಮೇಲೆ ರೀಪರ್ ಪಟ್ಟಿ ಇಟ್ಟು ಮೊಳೆ ಹೊಡೆದುಬಿಡಿ. ಮೇಲಿನ ಗಳುವಿಗೆ ಮೂರು ಕಡೆ ಹಗ್ಗ ಕಟ್ಟಿ, ಸೂರಿನ ತೊಲೆಗೆ ಹೊಡೆದ ಕೊಕ್ಕೆಯ ಮೇಲೆ ಹಾಯಿಸಿ. ಹಗ್ಗ ಎಳೆದರೆ ಪರದೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಎಷ್ಟೇ ಇಳಿಸಿದರೂ ಮೊದಲು ತೆರೆಯುವುದು ಮೇಲ್ಭಾಗವೇ.

ಮೇಲಿನ ಎರಡಡಿಗೆ ದಕ್ಷಿಣದಲ್ಲಿ ಏನೂ ಹಾಕಿಲ್ಲ. ಉತ್ತರದಲ್ಲಿ, ರೇಷ್ಮೆ ಹುಳವನ್ನು ಕಾಡುವ ಊಜಿ ನೊಣ ಬರದಿರಲಿ ಅಂತ ಹುಳದ ಮನೆ ಕಿಟಕಿಗೆ ಕಟ್ಟುತ್ತೇವಲ್ಲ, ಆ ನೈಲಾನ್ ಬಲೆಯ ಹಳೆ ತುಂಡು ಕಟ್ಟಿದ್ದೇನೆ. ಗಾಳಿಯ ಜೋರು ಮುರಿಯುತ್ತದೆ, ಗಾಳಿ ನಿಲ್ಲುವುದಿಲ್ಲ. ಆದರೆ ಕೋಳಿ ಮನೆ ದೂಳಿಗೆ ಅದರ ಕಣ್ಣು ಮುಚ್ಚಿಹೋಗುತ್ತದೆ. ವಾರಕ್ಕೊಮ್ಮೆ ಪೊರಕೆಯಲ್ಲಿ ತಟ್ಟಬೇಕು.

ಪೂರ್ವದ ಬಾಗಿಲಿಗೆ ಚಂದ್ರಂಕಿ ಕೈ ಹಿಡಿಯಿತು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು, ಹಳೆಯದಾಗಿ ಅಟ್ಟ ಸೇರಿತ್ತು. ಬ್ಲೀಚಿಂಗ್ ವಾಸನೆ ಹೋಗುವವರೆಗೆ ತೊಳೆದು ಒಣಗಿಸಿ, ಹಿಂದೆ ಒಂದು ಗೋಣಿಚೀಲ ಬಿಚ್ಚಿ ಹೊಲಿದು, ಬಾಗಿಲಿನಿಂದ ಎರಡಡಿ ಮುಂದೆ ಗೂಟ ಹೊಡೆದು ನಿಲ್ಲಿಸಿದೆ. ಈಗ ಗಾಳಿ ಅದಕ್ಕೆ ಬಡಿದು ಚದುರುತ್ತದೆ, ನಾನು ಪಕ್ಕದಿಂದ ನುಸುಳಿ ಹೋಗುತ್ತೇನೆ. ಮೊದಲು ಅಲ್ಲಿ ತಗಡು ನಿಲ್ಲಿಸಿ ನೋಡಿದ್ದೆ. ಗಾಳಿ ತಗಡಿನ ನೆತ್ತಿ ಹಾರಿ ಹಿಂದೆ ಸುಳಿ ಹಾಕಿಕೊಂಡು ಇನ್ನೂ ಜೋರಾಗಿ ಬೀಳುತ್ತಿತ್ತು. ಗೋಣಿಯ ಎಳೆ ಸಂದಿಯಲ್ಲಿ ಸ್ವಲ್ಪ ನುಗ್ಗಲು ಬಿಟ್ಟರೆ ಅದರ ಸೊಕ್ಕು ಮುರಿಯುತ್ತದೆ.

ಬೆಳಕಿನ ವಿಷಯ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಎಂಟೂವರೆಗೆ ದಕ್ಷಿಣದ ಪರದೆ ಇಳಿಸಿದರೆ ಬಿಸಿಲು ಒಳಗೆ ಹೊಟ್ಟಿನ ಮೇಲೆ ಬೀಳುತ್ತದೆ, ಹೊಟ್ಟೂ ಒಣಗುತ್ತದೆ. ಉತ್ತರದ್ದು ಹತ್ತರ ಮೇಲೆ ಇಳಿಸುತ್ತೇನೆ. ಸೂರಿನಲ್ಲಿ ಒಂದು ಶೀಟ್ ತೆಗೆದು ಬೆಳಕಿನ ಫೈಬರ್ ಶೀಟ್ ಹಾಕಿಸಿದ್ದೇನೆ. ಮೊಟ್ಟೆಗೆ ದಿನಕ್ಕೆ 14 ಗಂಟೆ ಬೆಳಕಾದರೂ ಇದ್ದರೆ ಒಳ್ಳೆಯದು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು 11 ಗಂಟೆ ಚಿಲ್ಲರೆ ಅಷ್ಟೆ. ಅದಕ್ಕೆ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬು, ಟೈಮರ್ ಇಟ್ಟು ಬೆಳಗಿನ ಜಾವ ಉರಿಸುತ್ತೇನೆ. ಸಂಜೆ ಉರಿಸಿದರೆ ಬಲ್ಬು ಪಟ್ಟನೆ ಆರಿದಾಗ ಕೋಳಿ ಅಡ್ಡೆ ಹತ್ತಲಾಗದೆ ನೆಲದಲ್ಲೇ ಉಳಿಯುತ್ತವೆ.

ನೆಲಕ್ಕೆ ಭತ್ತದ ಹೊಟ್ಟು, ಚಳಿಗಾಲದಲ್ಲಿ ನಾಲ್ಕು ಬೆರಳಿಗಿಂತ ಕಡಿಮೆ ಬೇಡ. ದಿನಾ ಕೆದಕಬೇಕು. ಒಂದು ಹಿಡಿ ತೆಗೆದು ಹಿಸುಕಿ ನೋಡಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಜಾಸ್ತಿ, ಪರದೆ ಇನ್ನು ಅರ್ಧ ಅಡಿ ಇಳಿಸಿ. ಮೂಗಿನ ಪರೀಕ್ಷೆಯೂ ಮಾಡಿ, ಆದರೆ ನಿಂತುಕೊಂಡಲ್ಲ. ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಕೋಳಿಯ ಮಟ್ಟದಲ್ಲಿ ಉಸಿರೆಳೆಯಿರಿ. ಘಾಟು ಹತ್ತಿದರೆ, ಅದು ರಾತ್ರಿಯೆಲ್ಲ ಅವಕ್ಕೂ ಹತ್ತಿದೆ.

ಮರಿಗಳಿದ್ದರೆ ಲೆಕ್ಕ ಬೇರೆ. ಮೊದಲ ವಾರ ಅವಕ್ಕೆ 35 ಡಿಗ್ರಿ ಬೇಕು, ಬಿಸಿ ಕೊಡುವ ಬಲ್ಬಿನ ಸುತ್ತ ತಗಡಿನ ವೃತ್ತ ಕಟ್ಟಿ. ಮರಿಗಳೆಲ್ಲ ಬಲ್ಬಿನಡಿ ಗುಪ್ಪೆಯಾದರೆ ಚಳಿ. ಒಂದೇ ಬದಿಗೆ ಒತ್ತಿಕೊಂಡಿದ್ದರೆ ಎದುರಿನ ಬದಿಯಿಂದ ಗಾಳಿ ನುಗ್ಗುತ್ತಿದೆ. ಕೆಂಡದ ಬಾಂಡ್ಲಿ ಒಳಗಿಟ್ಟು ಬಾಗಿಲು ಮುಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೆಂಡದಿಂದ ಏಳುವ ವಿಷಗಾಳಿಗೆ (ಕಾರ್ಬನ್ ಮೊನಾಕ್ಸೈಡ್) ವಾಸನೆಯೂ ಇರುವುದಿಲ್ಲ, ಮರಿಗಳು ಮಲಗಿದಲ್ಲೇ ಹೋಗುತ್ತವೆ.

ಶಿವರಾತ್ರಿ ಆಯಿತು ಅಂದರೆ ಪರದೆ ಬಿಚ್ಚುತ್ತೇನೆ, ಆಮೇಲೆ ಬರುವ ಸೆಕೆ ಕೋಳಿಗೆ ಚಳಿಗಿಂತ ಕೆಟ್ಟದ್ದು. ಸೋಪು ನೀರಲ್ಲಿ ಒಗೆದು, ಗಳುವಿನ ಕೊಳವೆಯನ್ನು ಒಳಹೊರಗು ಮಾಡಿ ಎರಡು ದಿನ ಬಿಸಿಲಿಗೆ ಹಾಕಿ. ಕೋಳಿಯ ರಕ್ತ ಹೀರುವ ನುಸಿಗಳು (ಮೈಟ್) ಆ ಮಡಿಕೆಯಲ್ಲೇ ಸೇರಿಕೊಂಡಿರುತ್ತವೆ. ಹೋದ ವರ್ಷ ಸರಿಯಾಗಿ ತೊಳೆಯದೆ ಸುಮ್ನೆ ಮಡಚಿ ಅಟ್ಟಕ್ಕೆ ಎಸೆದಿದ್ದೆ. ಫೀಡಿನ ವಾಸನೆಗೆ ಇಲಿ ಬಂದು ಹದಿನಾಲ್ಕು ತೂತು ಮಾಡಿತ್ತು. ಈ ಸಲ ತೇಪೆಗೇ ಎರಡು ಚೀಲ ಹೋಯಿತು.